ಯುದ್ಧವಿಮಾನದ ಪ್ರತಿಕೃತಿ: ಬಣ್ಣ ಹಚ್ಚುವ ಕ್ರಮ

ನೈಜ ವಿಮಾನದ ಅಳತೆಯನ್ನು ನಿರ್ದಿಷ್ಟ ಪ್ರಮಾಣದಲ್ಲಿ ಕುಗ್ಗಿಸಿ, ಪ್ಲಾಸ್ಟಿಕ್ ಬಿಡಿಭಾಗಗಳಿಂದ ಜೋಡಿಸುವ ಮಾದರಿಗೆ ಪ್ರಮಾಣಬದ್ಧ ಪ್ರತಿಕೃತಿ ಎಂದು ಹೆಸರು. 1:72 ಮತ್ತು 1:48 ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳು. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸುವ ತೇಜಸ್ 13.2 ಮೀಟರ್ ಉದ್ದವಿದ್ದು, ಮೊದಲ ಪ್ರಮಾಣದಲ್ಲಿ ಸುಮಾರು 18.3 ಸೆಂ.ಮೀ., ಎರಡನೆಯದರಲ್ಲಿ 27.5 ಸೆಂ.ಮೀ. ಆಗುತ್ತದೆ. ಜೋಡಣೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಆಟಿಕೆಯೋ, ವಿಮಾನದ ನಂಬಲರ್ಹ ದಾಖಲೆಯೋ ಎಂಬುದನ್ನು ನಿರ್ಧರಿಸುವುದು ಬಣ್ಣವೇ.

ಕಾಲದ ಆಯ್ಕೆ

ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು. ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರ ಜುಲೈ 1ರಂದು. ಪರೀಕ್ಷಾ ವಿಮಾನದ ಬಣ್ಣವೇ ಬೇರೆ, ಸೇವೆಯಲ್ಲಿರುವ ವಿಮಾನದ ಬೂದು ಬಣ್ಣವೇ ಬೇರೆ. ಆದ್ದರಿಂದ ಯಾವ ವರ್ಷದ ಯಾವ ವಿಮಾನ ಎಂಬುದನ್ನು ಛಾಯಾಚಿತ್ರಗಳ ಆಧಾರದಿಂದ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಹಾಸನದವರಿಗೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯವೂ ಯಲಹಂಕದ ವೈಮಾನಿಕ ಪ್ರದರ್ಶನವೂ ವಿಮಾನಗಳನ್ನು ಕಣ್ಣಾರೆ ಕಾಣಲು ಒದಗುವ ತಾಣಗಳು.

ಹಂತಗಳು

ಬೆಸುಗೆಯ ಅಂಚುಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಕೈಯ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಬಳಿಕ ಪ್ರೈಮರ್ ಲೇಪಿಸಿದರೆ ಅಡಗಿದ್ದ ಗೀರುಗಳು ಗೋಚರಿಸುತ್ತವೆ. ಚಾಲಕನ ಗಾಜಿನ ಮುಚ್ಚಳವನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ, ತೆಳುಗೊಳಿಸಿದ ಬಣ್ಣವನ್ನು ಏರ್‌ಬ್ರಷ್‌ನಿಂದ ಎರಡು ಮೂರು ಪದರಗಳಲ್ಲಿ ಸಿಂಪಡಿಸಬೇಕು. ಒಂದೇ ಬಾರಿಗೆ ದಪ್ಪವಾಗಿ ಹಚ್ಚಿದರೆ ರೇಖೆಗಳು ಹೂತುಹೋಗುತ್ತವೆ. ಪುಟ್ಟ ವಸ್ತುವಿನ ಮೇಲೆ ನೈಜ ಬಣ್ಣವೂ ಗಾಢವಾಗಿ ಕಾಣುವುದರಿಂದ ಬೂದು ಬಣ್ಣಕ್ಕೆ ತುಸು ಬಿಳಿ ಬೆರೆಸುವುದು ವಾಡಿಕೆ.

ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ವಾಯುಪಡೆಯ ವೃತ್ತಲಾಂಛನವನ್ನು ಅಂಟಿಸುವ ಮುನ್ನ ಹೊಳಪಿನ ವಾರ್ನಿಷ್ ಅಗತ್ಯ. ಒರಟು ಮೇಲ್ಮೈಯಲ್ಲಿ ಡೆಕಾಲ್ ಅಡಿ ಗಾಳಿ ಸಿಲುಕಿ ಬೆಳ್ಳಗೆ ಮಿನುಗುತ್ತದೆ. ಕೊನೆಯಲ್ಲಿ ಮಂದ ವಾರ್ನಿಷ್ ಲೇಪಿಸಿದರೆ ಕೆಲಸ ಪೂರ್ಣ.

ಲೋಹವೋ, ಇಂಗಾಲದ ನಾರೋ?

ಹಳೆಯ ಲೋಹದ ವಿಮಾನಗಳಲ್ಲಿ ಬಣ್ಣ ಕಿತ್ತುಹೋದೆಡೆ ಅಲ್ಯೂಮಿನಿಯಂ ಇಣುಕುತ್ತದೆ. 2025ರ ಸೆಪ್ಟೆಂಬರ್ 26ರಂದು ವಾಯುಪಡೆಯಿಂದ ನಿವೃತ್ತವಾದ ಮಿಗ್-21ರ ಪ್ರತಿಕೃತಿಗೆ ಬೆಳ್ಳಿಬಣ್ಣದ ಸವೆತ ಒಪ್ಪುತ್ತದೆ. ತೇಜಸ್‌ನ ಹೊರಮೈ ಬಹುಪಾಲು ಇಂಗಾಲದ ನಾರಿನ ಸಂಯುಕ್ತ ವಸ್ತುವಿನದು. ಅದರ ಮೇಲೆ ಬೆಳ್ಳಿಯ ಗೀರೆಳೆದರೆ ಇಲ್ಲದ ಲೋಹವನ್ನು ತೋರಿಸಿದಂತಾಗುತ್ತದೆ. ಸುಟ್ಟ ಲೋಹದ ಛಾಯೆಯನ್ನು ಎಂಜಿನ್ನಿನ ನಳಿಕೆಗೆ ಮೀಸಲಿಡುವುದು ಲೇಸು.

ಹವೆಯ ಲೆಕ್ಕ

ಮಲೆನಾಡಿನ ಸೆರಗಿನ ಅರಕಲಗೂಡಿನಲ್ಲಿ ಮುಂಗಾರಿನ ತೇವ ಹೆಚ್ಚು. ಬಯಲುಸೀಮೆಯತ್ತ ಚಾಚಿರುವ ಚನ್ನರಾಯಪಟ್ಟಣದಲ್ಲಿ ಕಡಿಮೆ. ಹೇಮಾವತಿಯ ದಡದ ಹೊಳೆನರಸೀಪುರದಲ್ಲೂ ಮಳೆಗಾಲದಲ್ಲಿ ಅವಸರ ಸಲ್ಲದು. ತೇವದ ಗಾಳಿಯಲ್ಲಿ ಲ್ಯಾಕರ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಎನಾಮೆಲ್ ಒಣಗಲು ತಡವಾಗುತ್ತದೆ. ಜಡಿಮಳೆಯ ದಿನಗಳಲ್ಲಿ ಬಿಡಿಭಾಗಗಳ ಜೋಡಣೆ ಮುಗಿಸಿಟ್ಟು, ಹೊಳವಾದ ದಿನ ಬಣ್ಣಕ್ಕೆ ಕೈಹಾಕುವುದು ಜಾಣತನ.

ಎಚ್ಚರಿಕೆ

ಥಿನ್ನರಿನ ಆವಿ ತಲೆನೋವು, ತಲೆಸುತ್ತು ತರುತ್ತದೆ. ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿಟ್ಟು, ಒಲೆ ಮತ್ತು ದೇವರ ದೀಪದಿಂದ ದೂರ ಕುಳಿತು, ಆವಿ ತಡೆಯುವ ಮುಖಗವಸು ಧರಿಸಬೇಕು. ಬಟ್ಟೆಯ ಮುಖಗವಸು ಧೂಳನ್ನಷ್ಟೇ ತಡೆದೀತು, ಆವಿಯನ್ನಲ್ಲ. ಮಕ್ಕಳಿಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಮತ್ತು ಸಾಮಾನ್ಯ ಕುಂಚವೇ ಸಾಕು.