ತುರಂಗದೊಳಗಿನ ಜಾತಿ

ನಮ್ಮ ಕಡೆಯ ಹಿರಿಯರು ಸೆರೆಮನೆಗೆ ‘ತುರಂಗ’ ಎನ್ನುವರು. ಮರಾಠಿಯ ಒಡನಾಟದಿಂದ ಬಂದ ಮಾತು. ಜೇಲು ಎಂಬುದಕ್ಕಿಂತ ಅದರಲ್ಲಿ ಕತ್ತಲೆ ಹೆಚ್ಚು. ರಾಮದುರ್ಗದಲ್ಲಿ ತುರಂಗದ ಮಾತು ಬಂತೆಂದರೆ ಅದು 1939ರ ಎಪ್ರಿಲ್ ತಿಂಗಳಿಗೆ ಹೋಗಿಯೇ ನಿಲ್ಲುವುದು. ಆಗ ಇದು ಭಾವೆ ಮನೆತನದವರ ಪುಟ್ಟ ಸಂಸ್ಥಾನ. ಪ್ರಜಾಸಂಘದ ಮುಖಂಡರನ್ನು ಹಿಡಿದು ಒಳಗಿಟ್ಟಾಗ ಅವರನ್ನು ಬಿಡಿಸಲೆಂದು ಜನ ನುಗ್ಗಿದರು. ಆ ಗದ್ದಲದಲ್ಲಿ ಪೋಲೀಸರು ಪ್ರಾಣ ಕಳೆದುಕೊಂಡರು. ಈ ಕತೆಯನ್ನು ತರಗತಿಯಲ್ಲಿ ನಾನೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ಜನ ನುಗ್ಗಿದ್ದನ್ನು ಹೇಳಿದೆನೇ ಹೊರತು, ಅಂದಿನ ತುರಂಗಗಳಲ್ಲಿ ಅಡಿಗೆ ಮಾಡುತ್ತಿದ್ದವರು ಯಾರು, ಪಾಯಖಾನೆ ಬಳಿಯುತ್ತಿದ್ದವರು ಯಾರು ಎಂದು ಒಮ್ಮೆಯೂ ಕೇಳಿಕೊಂಡವನಲ್ಲ.

ಕೇಳಿಕೊಳ್ಳುವಂತೆ ಮಾಡಿದ್ದು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಜೇಲುಗಳ ಕೈಪಿಡಿಗಳನ್ನು ತೆರೆದು ನೋಡಿ 2020ರಲ್ಲಿ ಬರೆದರು. ಬಳಿಕ ನ್ಯಾಯಾಲಯಕ್ಕೂ ಹೋದರು. ಅಡಿಗೆಗೆ ‘ತಕ್ಕ ಜಾತಿ’ಯ ಕೈದಿ ಬೇಕೆಂದು ಒಂದು ರಾಜ್ಯದ ನಿಯಮ. ಸಾದಾ ಸಜೆಯ ಕೈದಿಯಿಂದ ಹೀನವೆನಿಸುವ ಕೆಲಸ ಮಾಡಿಸಬಾರದು, ಆದರೆ ಅಂಥ ಕೆಲಸ ರೂಢಿಯಾಗಿರುವ ಜಾತಿಯವನಾದರೆ ಅಡ್ಡಿಯಿಲ್ಲ ಎಂದು ಇನ್ನೊಂದರದು. ಸಂವಿಧಾನ ಬಂದು ಎಪ್ಪತ್ತು ವರುಷ ದಾಟಿದ ಮೇಲೂ ಈ ಸಾಲುಗಳು ಅಚ್ಚಿನಲ್ಲಿ ಉಳಿದಿದ್ದವು.

ಇದು ಎಲ್ಲಿಂದ ಬಂತು? ಹಿಂದೆ ಕೈದಿಗಳಿಗೆ ಕಾಸು ಕೊಟ್ಟು, ತಮ್ಮ ಅಡಿಗೆ ತಾವೇ ಮಾಡಿಕೊಳ್ಳಲು ಬಿಡುತ್ತಿದ್ದರು. ಕಂಪನಿ ಸರಕಾರ ಎಲ್ಲರಿಗೂ ಒಂದೇ ಊಟದ ಪದ್ಧತಿ ತಂದಾಗ 1840ರ ದಶಕದಲ್ಲಿ ಬಿಹಾರದ ಜೇಲುಗಳಲ್ಲಿ ದಂಗೆಗಳಾದವು. 1855ರಲ್ಲಿ ಲೋಹದ ತಂಬಿಗೆ ಕಸಿದು ಮಣ್ಣಿನದು ಕೊಟ್ಟಾಗ ಆರಾ, ಮುಜಫರಪುರಗಳಲ್ಲಿ ಮತ್ತೆ ಗದ್ದಲ. ಮರುವರುಷವಲ್ಲ, ಅದರಾಚೆಯ ವರುಷವೇ 1857. ಜಾತಿಯ ಗೊಡವೆಗೆ ಹೋದರೆ ಕೈ ಸುಡುವುದೆಂದು ಆಳುವವರು ಕಲಿತರು. ಕಲಿತು ಏನು ಮಾಡಿದರು? ಮೇಲಿನವರ ಮಡಿಯನ್ನು ನಿಯಮದಲ್ಲಿ ಕಾಪಾಡಿದರು. ಒಬ್ಬನ ಮಡಿ ಉಳಿಯಬೇಕಾದರೆ ಇನ್ನೊಬ್ಬ ಮಲದ ಬುಟ್ಟಿ ಹೊರಲೇಬೇಕಷ್ಟೆ. ಅವನನ್ನು ಗೊತ್ತುಮಾಡುವ ಕೆಲಸವೂ ಅದೇ ನಿಯಮದ್ದಾಯಿತು. ಊರಿನಲ್ಲಿ ರೂಢಿಯಾಗಿದ್ದುದು ತುರಂಗದಲ್ಲಿ ಕಾಯದೆಯಾಯಿತು.

ಈ ಗೋಡೆ ಎಷ್ಟು ಗಟ್ಟಿಯೆಂಬುದನ್ನು ಒಬ್ಬ ಬ್ರಾಹ್ಮಣ ಸತ್ಯಾಗ್ರಹಿ ಒಳಗಿನಿಂದಲೇ ಗುದ್ದಿ ನೋಡಿದರು. ಆಗ ನಮ್ಮ ಬೆಳಗಾವಿಯೂ ಸೇರಿದ್ದ ಮುಂಬಯಿ ಇಲಾಖೆಯ ರತ್ನಾಗಿರಿ ಜೇಲಿನಲ್ಲಿ 1932ರಲ್ಲಿ ಅಪ್ಪಾಸಾಹೇಬ ಪಟವರ್ಧನರು ತಮಗೆ ಪಾಯಖಾನೆ ಬಳಿಯುವ ಕೆಲಸ ಕೊಡಿರೆಂದು ಕೇಳಿದರು. ಕೊಡಲಿಲ್ಲ! ಕೊಂಕಣದ ಆ ಹಟವಾದಿ ಊಟ ಕಡಿಮೆ ಮಾಡುತ್ತ ಬಂದರು. ಸುದ್ದಿ ಯರವಡಾ ಜೇಲಿಗೆ ಮುಟ್ಟಿ, ಡಿಸೆಂಬರ್ 3ರಂದು ಗಾಂಧೀಜಿ ತಾವೂ ಉಪವಾಸ ಹಿಡಿದರು. ಸರಕಾರ ವಿಚಾರ ಮಾಡುವುದಾಗಿ ಹೇಳಿದ ಮೇಲೆಯೇ ಬಿಟ್ಟರು. ಬ್ರಾಹ್ಮಣ ಕೈದಿಗೆ ಪೊರಕೆ ಸಿಗಬೇಕಾದರೆ ಇಷ್ಟೆಲ್ಲ ನಡೆಯಬೇಕಾಯಿತು. ಬೇಡವೆಂದ ಭಂಗಿ ಕೈದಿಯ ಕೈಯಿಂದ ಅದನ್ನು ಇಳಿಸಲು ಯಾರ ಉಪವಾಸ ನಡೆದಿತ್ತು?

ಅನ್ಯದೇಶದ ಸಂಗತಿ ಓದಿದಾಗ ನಮಗೆ ಸಿಟ್ಟು ಬೇಗ ಬರುತ್ತದೆ. ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಸೆರೆಯಲ್ಲಿ ನೆಲ್ಸನ್ ಮಂಡೇಲರಿಗೆ ಚಡ್ಡಿ, ಅವರ ಜೊತೆಗೇ ಹೋದ ಭಾರತೀಯ ಮೂಲದ ಅಹಮದ್ ಕತ್ರಾಡರಿಗೆ ಉದ್ದ ಪಾಟಲೋಣು; ಕರಿಯರಿಗೆ ಬ್ರೆಡ್ಡು ಇಲ್ಲ, ಭಾರತೀಯರಿಗೆ ಉಂಟು. ಬಣ್ಣ ನೋಡಿ ತುತ್ತು ಅಳೆದರೆಂದು ನಾವು ಛೀಮಾರಿ ಹಾಕುತ್ತೇವೆ. ಜಾತಿ ನೋಡಿ ಸೌಟು ಕೊಟ್ಟ ನಮ್ಮ ಕೈಪಿಡಿ ಮಾತ್ರ ಕಪಾಟಿನಲ್ಲಿ ಸುಖವಾಗಿತ್ತು.

ಇನ್ನು ಗೋಡೆಯಿಲ್ಲದ ತುರಂಗವೊಂದು ನಮ್ಮ ಸೀಮೆಯಲ್ಲಿಯೇ ಇತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯದೆ 1911ರ ತಿದ್ದುಪಡಿಯಿಂದ ಮುಂಬಯಿ ಇಲಾಖೆಗೂ ಬಂತು. ಗಂಟಿಚೋರ, ಕೊರವ, ಹರಣಶಿಕಾರಿ ಮೊದಲಾದ ಜನಗಳು ಹುಟ್ಟಿದ್ದೇ ತಪ್ಪೆಂಬಂತೆ ಹೆಸರು ಬರೆಸಿ, ಹಾಜರಿ ಕೊಟ್ಟು, ಗೊತ್ತುಮಾಡಿದ ಜಾಗದಲ್ಲಿ ಇರಬೇಕಾಯಿತು. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಆ ದಾರಿಯಲ್ಲಿ ಹೋಗುವ ಎಷ್ಟು ಮಂದಿಗೆ ಆ ಹೆಸರಿನ ಮೂಲ ಗೊತ್ತು? ‘ಗಂಟಿಚೋರ’ ಎಂಬ ಹೆಸರಿನಲ್ಲಿಯೇ ಕಳ್ಳನೆಂಬ ಆರೋಪ ಸೇರಿಕೊಂಡಿದೆ. ಮಗು ಶಾಲೆಗೆ ಹೆಸರು ಹಚ್ಚುವಾಗ ಅದನ್ನೂ ಬರೆಸಬೇಕು. ದೇಶದಲ್ಲೆಲ್ಲ ಆ ಕಾಯದೆ ರದ್ದಾದದ್ದು 1952ರಲ್ಲಿ. ಆದರೆ ಅಲೆಮಾರಿಗಳನ್ನೂ ಈ ಬುಡಕಟ್ಟುಗಳವರನ್ನೂ ಹುಟ್ಟುಗುಣದ ಅಪರಾಧಿಗಳೆಂದು ಕಾಣುವ ಮಾತುಗಳು ಜೇಲು ಕೈಪಿಡಿಗಳಲ್ಲಿ ಹಾಗೆಯೇ ಉಳಿದವು.

ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ, ಜೆ. ಬಿ. ಪಾರ್ದಿವಾಲಾ, ಮನೋಜ ಮಿಶ್ರಾ ಇವರ ಪೀಠ ಇಂಥ ನಿಯಮಗಳನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೆಯ ವಿಧಿಯ ಜೊತೆಗೆ ಬಲವಂತದ ದುಡಿಮೆಯನ್ನು ನಿಷೇಧಿಸಿದ 23ನೆಯ ವಿಧಿಯನ್ನೂ ಅದು ಎತ್ತಿಹಿಡಿಯಿತು. ನನಗೆ ಈ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ: ಜಾತಿ ನೋಡಿ ಪೊರಕೆ ಕೊಡುವುದು ಬರಿಯ ಅವಮಾನವಲ್ಲ, ಬಿಟ್ಟಿಯ ದುಡಿಮೆ. ನಿಯಮ ತಿದ್ದಲು ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು. ಕೈದಿಗಳ ದಫ್ತರಿನಲ್ಲಿ ಜಾತಿಯ ಕಾಲಮ್ಮನ್ನು ಅಳಿಸಲು ಹೇಳಿತು.

ಈ ವರುಷ ತರಗತಿಯಲ್ಲಿ ರಾಮದುರ್ಗದ ದಂಗೆಯನ್ನು ಮತ್ತೆ ಹೇಳಿದೆ. ಮುಖಂಡರ ಮಾತಾಯಿತು, ಗದ್ದಲದ ಮಾತಾಯಿತು. ಬಳಿಕ ಅಡಿಗೆ ಯಾರದು, ಪೊರಕೆ ಯಾರದು ಎಂಬ ಪ್ರಶ್ನೆಯನ್ನೂ ಹುಡುಗರ ಮುಂದಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ಎತ್ತಿ, “ಸರ್, ನಮ್ಮ ಅಜ್ಜನ ಕಡೆಯವರು ಹುಬ್ಬಳ್ಳಿ ಸೆಟ್ಲಮೆಂಟಿನವ್ರು” ಎಂದ. ಅಲ್ಲಿಯವರೆಗೆ ಅವನು ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲವಂತೆ.