ಗಬ್ಬರ್ ತಲೆಯ ಮೇಲಿನ ಆಕಾಶ

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಚನ್ನಪಟ್ಟಣ. ದೊಡ್ಡಪ್ಪ ನನ್ನ ಲ್ಯಾಪ್‌ಟಾಪ್ ಮುಂದೆ ಕೂತು, "ಅಜ್ಜನ ಫೋಟೋ ತೆಗಿಯೋ. ಅದರ ಎಡಗಡೆ ನಮ್ಮ ಹಳೇ ಶೆಡ್ ಇತ್ತಲ್ಲ, ಗೊಂಬೆ ಮಾಡೋ ಲೇತ್ ಇದ್ದದ್ದು, ಅದನ್ನ ನೋಡ್ಬೇಕು" ಅಂದರು.

ಎದೆ ಧಸಕ್ ಅಂತು. ಇಂಜಿನಿಯರಿಂಗ್ ಓದುವಾಗ ಆ ಫೋಟೋ ಸ್ಕ್ಯಾನ್ ಮಾಡಿ, ಅಜ್ಜ ಮಾತ್ರ ಕಾಣೋ ಹಾಗೆ ಕತ್ತರಿಸಿ, ಅದರ ಮೇಲೇ ಸೇವ್ ಒತ್ತಿದ್ದ ಮಹಾನುಭಾವ ನಾನೇ! ಮನೆ ಬದಲಾಯಿಸುವಾಗ ಪ್ರಿಂಟೂ ಕಳೆದುಹೋಯಿತು. ಶೆಡ್ ಅಂತೂ ಈಗ ಇಲ್ಲವೇ ಇಲ್ಲ. "ಹುಡುಕ್ತೀನಿ" ಅಂತ ಸುಳ್ಳು ಹೇಳಿದೆ.

ಅದೇ ಯೋಚನೆಯಲ್ಲಿ ಬೆಂಗಳೂರಿನ ರೈಲು ಹತ್ತಿದೆ. ಕಿಟಕಿಯಲ್ಲಿ ರಾಮನಗರದ ಬಂಡೆಗಳು ಕಂಡವು. ಆಗ ನೆನಪಾಗಿದ್ದು 'ಶೋಲೆ'.

ಆ ಚಿತ್ರದ ಶೂಟಿಂಗ್ ಇಲ್ಲಿ ಶುರುವಾಗಿದ್ದು 1973ರ ಅಕ್ಟೋಬರ್‌ನಲ್ಲಿ. ನಿರ್ದೇಶಕ ರಮೇಶ್ ಸಿಪ್ಪಿಗೆ 70 ಎಂಎಂ ಸಿನಿಮಾ ಬೇಕಿತ್ತು. ಆದರೆ ಆ ಕ್ಯಾಮೆರಾಗಳು ದುಬಾರಿ, ಅಪರೂಪ ಕೂಡ. ಹಾಗಾಗಿ ಮಾಮೂಲಿ 35 ಎಂಎಂ ಫಿಲ್ಮಿನಲ್ಲೇ ತೆಗೆದರು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಕ್ಯಾಮೆರಾ ಮುಂದೆ ಒಂದು ಗಾಜು ಇಟ್ಟು, ಅದರ ಮೇಲೆ 70 ಎಂಎಂ ಚೌಕಟ್ಟಿನ ಅಂಚು ಗುರುತಿಸಿಕೊಂಡಿದ್ದರಂತೆ. ಅವರ ಜೊತೆ ಕೆಲಸ ಮಾಡಿದ್ದ ಕಮಲಾಕರ ರಾವ್ ಇದನ್ನು ನೆನಪಿಸಿಕೊಂಡಿದ್ದಾರೆ. ಆಮೇಲೆ ಲಂಡನ್ನಿನಲ್ಲಿ ಅದನ್ನು ದೊಡ್ಡದು ಮಾಡಿಸಿದರು.

4:3 ಚಿತ್ರವನ್ನು 2.2:1 ಮಾಡಿದರೆ, ಅಗಲ ಪೂರ್ತಿ ಉಳಿಸಿಕೊಂಡರೂ ಎತ್ತರದಲ್ಲಿ ಸುಮಾರು 40% ಹೋಗುತ್ತದೆ. ಗಬ್ಬರ್ ತಲೆಯ ಮೇಲಿನ ರಾಮನಗರದ ಆಕಾಶ, ಕಾಲ ಕೆಳಗಿನ ಬಂಡೆ ಎಲ್ಲಾ ಹೊರಗೆ. ಆದರೆ ಗೆರೆ ಇದ್ದದ್ದು ಗಾಜಿನ ಮೇಲೆ, ಫಿಲ್ಮಿನ ಮೇಲಲ್ಲ. ನೆಗೆಟಿವ್‌ನಲ್ಲಿ ಇಡೀ ಚಿತ್ರ ಹಾಗೇ ಕೂತಿತ್ತು. ಫೋಟೋಶಾಪ್‌ಗೆ ಲೇಯರ್ ಬಂದದ್ದು 1994ರಲ್ಲಿ, 3.0 ಆವೃತ್ತಿಯಲ್ಲಿ. ಅದಕ್ಕೆ ಎರಡು ದಶಕ ಮೊದಲೇ ನಮ್ಮ ಬೆಟ್ಟದಲ್ಲಿ ಇದೇ ಬುದ್ಧಿ ಓಡಿತ್ತು ನೋಡಿ!

ಲೇಯರ್ ಮಾಸ್ಕ್ ಅಂದರೂ ಅಷ್ಟೇ. ಚಿತ್ರದ ಮೇಲೊಂದು ಕಪ್ಪು-ಬಿಳುಪು ಪರದೆ. ಬಿಳಿ ಇದ್ದಲ್ಲಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಅಡಗುತ್ತದೆ, ಅಳಿಯುವುದಿಲ್ಲ. ಜಿಂಪ್‌ನಲ್ಲಿ ಬೇಕಾದ ಭಾಗವನ್ನು ಆಯತವಾಗಿ ಸೆಲೆಕ್ಟ್ ಮಾಡಿ, 'ಆಡ್ ಲೇಯರ್ ಮಾಸ್ಕ್' ಒತ್ತಿ, 'ಸೆಲೆಕ್ಷನ್' ಅಂತ ಆರಿಸಿ. ಎಕ್ಸ್‌ಸಿಎಫ್ ಆಗಿ ಉಳಿಸಿ. ಹತ್ತು ವರ್ಷ ಬಿಟ್ಟು ಮಾಸ್ಕ್ ಮೇಲೆ ಬಿಳಿ ಬಳಿದರೂ ಮುಚ್ಚಿದ್ದೆಲ್ಲ ವಾಪಸ್. ಬೇರೆಯವರಿಗೆ ಕಳಿಸಲು ಪ್ರತ್ಯೇಕ ಜೆಪೆಗ್ ಪ್ರತಿ ತೆಗೆದು, ಅದನ್ನು ಎಷ್ಟು ಬೇಕಾದರೂ ಕತ್ತರಿಸಿ.

ಆದರೆ ಮಾಸ್ಕ್ ಒಂದೇ ಸಾಲದು. 'ಶೋಲೆ'ಯ ಕಥೆಯಲ್ಲಿ ಇನ್ನೊಂದು ಕತ್ತರಿಯೂ ಇದೆ. ಠಾಕೂರ್ ಗಬ್ಬರ್‌ನನ್ನು ಕೊಲ್ಲುವ ಮೂಲ ಅಂತ್ಯಕ್ಕೆ ತುರ್ತುಪರಿಸ್ಥಿತಿ ಕಾಲದ ಸೆನ್ಸಾರ್ ಒಪ್ಪಲಿಲ್ಲ. 1975ರ ಆಗಸ್ಟ್ 15ರಂದು ತೆರೆಗೆ ಬಂದದ್ದು, ಪೊಲೀಸರು ಬಂದು ತಡೆಯುವ ಅಂತ್ಯ. ಮುಂದೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಚಿತ್ರವನ್ನು ಸರಿಪಡಿಸಲು ಕೂತಾಗ ಮೂಲ ನೆಗೆಟಿವ್ ತೀರಾ ಹಾಳಾಗಿತ್ತು, 70 ಎಂಎಂ ಪ್ರಿಂಟ್ ಒಂದೂ ಉಳಿದಿರಲಿಲ್ಲ. ಇಂಗ್ಲೆಂಡಿನ ಗೋದಾಮಿನಲ್ಲಿದ್ದ ಬೇರೆ ಪ್ರತಿಗಳು ಕೈಹಿಡಿದವು. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಹಳೆಯ ಅಂತ್ಯದೊಂದಿಗೇ ಪೂರ್ತಿ ಚಿತ್ರ ತೋರಿಸಿದರು. ಯಾರೋ ಒಂದು ಪ್ರತಿ ಎತ್ತಿಟ್ಟಿದ್ದಕ್ಕೆ ಗಬ್ಬರ್ ಐವತ್ತು ವರ್ಷದ ಮೇಲೆ ಸತ್ತ :)

ರಾಮನಗರದಲ್ಲಿ ಕಟ್ಟಿದ್ದ ರಾಮಗಢದ ಸೆಟ್ ಈಗಿಲ್ಲ, ಫಿಲ್ಮಿನಲ್ಲಿದೆ. ನಮ್ಮ ಶೆಡ್ ಎಲ್ಲೂ ಇಲ್ಲ. ಅವತ್ತು ನನಗೆ ಅದು ಫೋಟೋದಲ್ಲಿ ಅಡ್ಡ ಬಂದ ತಗಡು, ಅಷ್ಟೇ. ಯಾವುದು ಬೇಡ ಅಂತ ಇಪ್ಪತ್ತು ವರ್ಷದ ಹುಡುಗ ತೀರ್ಮಾನ ಮಾಡಿಬಿಟ್ಟಿದ್ದ.

ದೊಡ್ಡಪ್ಪನಿಗೆ ನಿನ್ನೆ ಫೋನ್ ಮಾಡಿ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು, ಬಂದಾಗ ಪೇಪರ್ ಮೇಲೆ ಬರೆದು ತೋರಿಸ್ತೀನಿ" ಅಂದರು. ಆ ಹಾಳೆಯನ್ನು ಅಂಚು ಸಮೇತ ಸ್ಕ್ಯಾನ್ ಮಾಡ್ತೀನಿ.

ನಿಮ್ಮ ಮನೆಯ ಹಳೇ ಫೋಟೋಗಳ ಅಂಚಿನಲ್ಲಿ ಏನೇನಿದೆ, ಒಮ್ಮೆ ನೋಡ್ತೀರಾ?