ಬಂದೂಕಿಲ್ಲದ ನೀಲಿ ಕೋಟು

1829ರಲ್ಲಿ ಬ್ರಿಟನ್ನಿನ ಗೃಹ ಸಚಿವ ರಾಬರ್ಟ್ ಪೀಲ್ ಲಂಡನ್ನಿನ ಬೀದಿಗಿಳಿಸಿದ ಪೊಲೀಸನ ಕೈ ಬರಿದಾಗಿತ್ತು. ಮರದ ಲಾಠಿಯೂ ಕೋಟಿನ ಹಿಂಬದಿಯ ಜೇಬಿನಲ್ಲಿ ಮರೆಯಾಗಿರುತ್ತಿತ್ತು. ನೆರವಿಗೆ ಕೂಗಲು ಗಿರಗಿರ ತಿರುಗಿಸುವ ಮರದ ಗಿಲಕಿಯೊಂದಿತ್ತು. ಸೈನಿಕರ ಕೆಂಪು ಬಿಟ್ಟು ನೀಲಿ ಬಣ್ಣ ಆರಿಸಿದ್ದೂ ಯೋಚಿಸಿಯೇ. ಹತ್ತು ವರ್ಷದ ಹಿಂದೆ ಮ್ಯಾಂಚೆಸ್ಟರಿನ ಪೀಟರ್‌ಲೂನಲ್ಲಿ ಕುದುರೆ ಸವಾರರು ಕತ್ತಿ ಹಿರಿದು ಸಭೆಯ ಮೇಲೆ ನುಗ್ಗಿದ್ದನ್ನು ಜನ ಮರೆತಿರಲಿಲ್ಲ. ಆಗ ಜನರ ಬಳಿ ಬಂದೂಕು ಕಡಿಮೆ, ಅದಕ್ಕೇ ನಿರಾಯುಧ ಪೊಲೀಸರು ಸಾಧ್ಯವಾಯಿತು ಎಂಬ ವಾದವಿದೆ. ಅದು ನಿಲ್ಲುವುದಿಲ್ಲ: ಬ್ರಿಟನ್ ಬಂದೂಕಿಗೆ ಬಿಗಿಯಾದ ಪರವಾನಗಿ ಕಾನೂನು ತಂದದ್ದು 1920ರಲ್ಲಿ. ಅಂದರೆ ನಿರಾಯುಧ ಪೊಲೀಸರು ಮೊದಲು ಬಂದರು, ಬಂದೂಕಿನ ನಿಯಂತ್ರಣ ಆಮೇಲೆ. 1880ರ ದಶಕದಲ್ಲಿ ಹೊರವಲಯದ ರಾತ್ರಿ ಗಸ್ತಿಗೆ, ಬೇಕೆಂದವರಿಗೆ, ರಿವಾಲ್ವರ್ ಕೊಟ್ಟರು. 1936ರಲ್ಲಿ ಅದನ್ನೂ ಹಿಂತೆಗೆದುಕೊಂಡರು.

ಆದರೆ ಇದೇ ಬ್ರಿಟಿಷ್ ಸರ್ಕಾರ ಐರ್ಲೆಂಡಿನ ಪೊಲೀಸರ ಹೆಗಲಿಗೆ ಬಂದೂಕು ಏರಿಸಿತ್ತು, ಭಾರತಕ್ಕೆ ಬಂದದ್ದು ಆ ಮಾದರಿಯೇ. ತನ್ನವರೆಂದು ಒಪ್ಪಿದವರ ನಡುವೆ ಲಾಠಿ, ಆಳಬೇಕಾದವರ ನಡುವೆ ಗುಂಡು: ಈ ಭೇದ ನನಗೆ ಬಹಳ ನೋವಿನದಾಗಿ ಕಾಣುತ್ತದೆ. 1938ರ ಏಪ್ರಿಲ್ 25ರಂದು ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದವರ ಮೇಲೆ ಪೊಲೀಸರ ಗುಂಡು ಹಾರಿತು. ಇಂದಿನ ಭಯೋತ್ಪಾದಕರ ಎದುರು ಲಾಠಿ ಸಾಲದು ಎಂಬ ಮಾತು ನಿಜ. ಲಂಡನ್ನಿನಲ್ಲೂ ಅದಕ್ಕೆಂದೇ ತರಬೇತಿ ಪಡೆದ ಸಶಸ್ತ್ರ ದಳವಿದೆ. ಬೀದಿ ಗಸ್ತಿನ ಪೊಲೀಸರಲ್ಲಿ ಹೆಚ್ಚಿನವರು ಮಾತ್ರ ಇಂದಿಗೂ ಬಂದೂಕಿಲ್ಲದೆಯೇ ಹೊರಡುತ್ತಾರೆ.